ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನ: ಮಂಡಕ್ಕಿ ಭಟ್ಟಿಯಲ್ಲಿ ನಾವು ಮಾಡಿದ ಕಾಮಿಡಿ ಫೈಟ್

'ಕುಂಗ್ ಪೌ' ಸಿನಿಮಾ ನೋಡಿ "ಪರವಾಗಿಲ್ಲ" ಅಂದವರನ್ನು ನಾನು ಇದುವರೆಗೆ ಕಂಡಿಲ್ಲ. ಒಂದೋ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಇಲ್ಲಾ ಅರ್ಧಕ್ಕೇ ಎದ್ದು ಹೋಗುತ್ತಾರೆ. 2002ರಲ್ಲಿ ಬಂದ ಅಮೆರಿಕದ ಸಿನಿಮಾ, ಪೂರ್ತಿ ಹೆಸರು 'ಕುಂಗ್ ಪೌ: ಎಂಟರ್ ದ ಫಿಸ್ಟ್'. ಸ್ಟೀವ್ ಓಡೆಕರ್ಕ್ ಅನ್ನೋ ಪುಣ್ಯಾತ್ಮ 1976ರ ಒಂದು ಹಾಂಗ್‌ಕಾಂಗ್ ಕುಂಗ್‌ಫೂ ಸಿನಿಮಾ ತಗೊಂಡು, ಅದರ ನಾಯಕ ಜಿಮ್ಮಿ ವಾಂಗ್ ಯು ಇದ್ದ ಜಾಗದಲ್ಲಿ ಕಂಪ್ಯೂಟರ್ ಕೈಚಳಕದಿಂದ ತನ್ನನ್ನೇ ತೂರಿಸಿಕೊಂಡ, ಒಂದಷ್ಟು ಹೊಸ ದೃಶ್ಯ ಸೇರಿಸಿದ, ಹಳೇ ಮಾತನ್ನೆಲ್ಲ ತೆಗೆದುಹಾಕಿ ಬಹುತೇಕ ಎಲ್ಲ ಪಾತ್ರಗಳಿಗೂ ತಾನೇ ದನಿ ಕೊಟ್ಟ. ಆಗ ವಿಮರ್ಶಕರು ಚೆನ್ನಾಗಿ ಉಗಿದರು. ಆಮೇಲೆ ನಿಧಾನಕ್ಕೆ ಅದಕ್ಕೆ ಅಭಿಮಾನಿಗಳು ಹುಟ್ಟಿಕೊಂಡರು.

ನಾನು ದಾವಣಗೆರೆಯಲ್ಲಿ ಕರಾಟೆ ಕಲಿಸುತ್ತೇನೆ. ಶೋಟೋಕಾನ್ ಶೈಲಿ. ಜೊತೆಗೆ ಊರಿನ ಹುಡುಗರು ಮಾಡುವ ಶಾರ್ಟ್ ಫಿಲ್ಮ್‌ಗಳಿಗೆ ಫೈಟ್ ಕಂಪೋಸ್ ಮಾಡಿಕೊಡುವ ಹುಚ್ಚೂ ಇದೆ. ಒಂದು ಭಾನುವಾರ ಈ ಸಿನಿಮಾದ ಕೆಲವು ಭಾಗಗಳನ್ನು ದೊಡ್ಡ ಹುಡುಗರಿಗೆ ಹಾಕಿ ತೋರಿಸಿದೆ. ಕರೆದುಕೊಂಡು ಹೋಗೋಕೆ ಬಂದ ತಂದೆ ತಾಯಂದಿರೂ ನಿಂತು ನೋಡಿದರು. ಅದರಲ್ಲಿ ವಿಂಪ್ ಲೋ ಅಂತ ಒಂದು ಪಾತ್ರ ಇದೆ. ಅವನಿಗೆ ಗುರುಗಳೇ ತಮಾಷೆಗೆ ಅಂತ ಬೇಕಂತಲೇ ತಪ್ಪು ವಿದ್ಯೆ ಕಲಿಸಿರುತ್ತಾರೆ. ಅವನು ಒದೆ ತಿನ್ನುತ್ತಾ ತಾನೇ ಗೆಲ್ಲುತ್ತಿದ್ದೇನೆ ಅಂದುಕೊಂಡಿರುತ್ತಾನೆ. ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಒಬ್ಬರು ಮಾತ್ರ ನನ್ನ ಮುಖ ನೋಡಿ, "ಸರ್, ನಮ್ಮ ಹುಡುಗನಿಗೂ ಹಿಂಗೇ ಕಲಿಸ್ತಿದ್ದೀರೇನ್ರಿ?" ಅಂದರು. ನಗುತ್ತಲೇ ಕೇಳಿದರು, ಆದರೆ ಪೂರ್ತಿ ತಮಾಷೆ ಆಗಿರಲಿಲ್ಲ. ಆಮೇಲೆ ನಾಯಕ ಹಸುವಿನ ಜೊತೆ ಹೊಡೆದಾಡುವ ದೃಶ್ಯ ಬಂತು. ಗ್ರಾಫಿಕ್ಸ್ ಹಸು. ಗಾಳಿಯಲ್ಲಿ ಹಾರುತ್ತೆ, ಒದೆಯುತ್ತೆ, ಕೊನೆಗೆ ಅವನು ಅದರ ಹಾಲೆಲ್ಲ ಕರೆದು ಸೋಲಿಸುತ್ತಾನೆ. ಅಲ್ಲಿಗೆ ಒಬ್ಬ ಅಜ್ಜಿ ಎದ್ದರು. "ಆಕಳ ಜೊತೆ ಎಂಥ ಜಗಳನಪ್ಪ, ಬಂದ್ ಮಾಡು ಇದನ್ನ." ಬಂದ್ ಮಾಡಿದೆ.

ಹುಡುಗರಿಗೆ ಮಾತ್ರ ಕಿಚ್ಚು ಹತ್ತಿತ್ತು. ನಮ್ಮದೇ ಒಂದು ಮಾಡೋಣ ಸರ್ ಅಂತ ಹಿಂದೆ ಬಿದ್ದರು. ಹಳೇ ಸಿನಿಮಾ ತಗೊಂಡು ಅದರ ಮೇಲೆ ಡಬ್ಬಿಂಗ್ ಮಾಡೋಣ ಅಂತ ಒಬ್ಬ ಅಂದ. ಬೇರೆಯವರ ಸಿನಿಮಾ, ಹಕ್ಕು ಯಾರ ಹತ್ತಿರ ಇದೆಯೋ, ಬೇಡ ಅಂದೆ. ಚಿತ್ರದುರ್ಗದ ಕೋಟೆಯಲ್ಲಿ ಶೂಟ್ ಮಾಡೋಣ, ಕೋತಿಗಳು ಪುಕ್ಕಟೆ ನಟಿಸುತ್ತವೆ ಅಂತ ಇನ್ನೊಬ್ಬ. ಅದು ಪುರಾತತ್ವ ಇಲಾಖೆ ಕೈಯಲ್ಲಿರುವ ಜಾಗ, ಶೂಟಿಂಗಿಗೆ ಅನುಮತಿ ಬೇಕು, ನಮ್ಮಂಥ ಮೊಬೈಲ್ ಪಾರ್ಟಿಗೆ ಅಷ್ಟೆಲ್ಲ ಓಡಾಟ ಯಾಕೆ? ಕೊನೆಗೆ ಜಾಗ ಸಿಕ್ಕಿದ್ದು ಊರೊಳಗೇ, ಒಬ್ಬ ಹುಡುಗನ ಮಾವನ ಮಂಡಕ್ಕಿ ಭಟ್ಟಿಯಲ್ಲಿ.

ಭಟ್ಟಿ ನೋಡಿದ ತಕ್ಷಣ ನನಗೆ ಫೈಟ್ ಕಣ್ಣಿಗೆ ಕಟ್ಟಿತು. ಕಾರಣ ಸುಲಭ. ಮಂಡಕ್ಕಿ ಚೀಲ ನೋಡೋಕೆ ಆಳೆತ್ತರ ಇರುತ್ತೆ, ತೂಕ ಮಾತ್ರ ಏನೂ ಇಲ್ಲ. ಅಂಥದ್ದನ್ನು ಒಬ್ಬ ಇನ್ನೊಬ್ಬನ ಮೇಲೆ ಎಸೆದರೆ ನೋಡುವವರಿಗೆ ಕ್ವಿಂಟಲ್ ಬಿದ್ದ ಹಾಗೆ ಕಾಣುತ್ತೆ, ಬಿದ್ದವನಿಗೆ ತಲೆದಿಂಬಿನಷ್ಟೂ ಪೆಟ್ಟಿಲ್ಲ. ಬೀಳುವಾಗ ಕೆಳಗೆ ಹಾಸೋಕೂ ಅದೇ ಚೀಲ. ಜಿಮ್ನಾಸ್ಟಿಕ್ ಮ್ಯಾಟ್ ಬಾಡಿಗೆ ಉಳಿಯಿತು. ಒಂದು ವಿಷಯ ನೆನಪಿಡಿ, ಚೀಲದ ಮೇಲೆ ಬಿದ್ದರೆ ಒಳಗೆ ಮಂಡಕ್ಕಿ ಪುಡಿಯಾಗುತ್ತೆ. ಹಾಗಾಗಿ ಬೀಳೋಕೆ ಅಂತ ಒಂದಿಷ್ಟು ಚೀಲ ಮೊದಲೇ ದುಡ್ಡು ಕೊಟ್ಟು ಬೇರೆ ಇಟ್ಟುಕೊಂಡೆವು. ಒಲೆ ಆರಿರುವ ದಿನವೇ ಕೆಲಸ. ಮಂಡಕ್ಕಿ ಹುರಿಯೋದು ಕಾದ ಮರಳಲ್ಲಿ, ಉರಿ ಇರುವಾಗ ಅದರ ಹತ್ತಿರ ಯಾವ ಹುಡುಗನೂ ಹಾರಬಾರದು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ.

ಕಥೆ ಒಂದೇ ಸಾಲು. ಭಟ್ಟಿಯಲ್ಲಿ ಚೀಲ ಹೊರುವ ಒಬ್ಬ ಪೈಲ್ವಾನ. ಹೊಸದಾಗಿ ಬ್ಲ್ಯಾಕ್ ಬೆಲ್ಟ್ ಆದ ಒಬ್ಬ ಹುಡುಗ ಬಿಳಿ ಬಟ್ಟೆ ಹಾಕಿಕೊಂಡು ಆ ದಾರಿಯಲ್ಲಿ ಬರುತ್ತಾನೆ, ಬಟ್ಟೆಗೆ ಮಸಿ ತಾಗುತ್ತೆ, ಜಗಳ ಶುರು. ಪೈಲ್ವಾನನಿಗೆ ಜಗಳ ಬೇಕಿಲ್ಲ, ಚೀಲ ಲೋಡ್ ಆಗಬೇಕು ಅಷ್ಟೇ. ಜಾಕಿ ಚಾನ್ ಸಿನಿಮಾ ನೋಡಿದವರಿಗೆ ಇದು ಗೊತ್ತಿರುತ್ತೆ. ಅವನು ಹೊಡೆದಾಡೋಕೆ ಬಂದಿರಲ್ಲ, ಏನನ್ನೋ ಉಳಿಸಿಕೊಂಡು ಓಡೋಕೆ ನೋಡುತ್ತಿರುತ್ತಾನೆ, ನಗು ಅಲ್ಲಿಂದ ಬರುತ್ತೆ. ಇಬ್ಬರೂ ಗೆಲ್ಲೋಕೇ ನಿಂತರೆ ಅದು ಬರೀ ಫೈಟ್.

ಈಗ ಅಸಲಿ ವಿಷಯ. ನಮ್ಮ ಕರಾಟೆ ಹುಡುಗರಿಗೆ ಹೊಡೆಯೋಕೆ ಬರುತ್ತೆ, ಹೊಡೆಸಿಕೊಳ್ಳೋಕೆ ಬರಲ್ಲ. ಶೋಟೋಕಾನ್‌ನಲ್ಲಿ ಏಟು ಮುಟ್ಟುವ ಮುಂಚೆ ನಿಲ್ಲಿಸೋದನ್ನ ಮೊದಲಿನಿಂದಲೇ ಕಲಿಸುತ್ತೇವೆ. ಸುನ್‌ದೋಮೆ ಅನ್ನುತ್ತಾರೆ. ಮುಷ್ಟಿ ಮೂಗಿನ ಮುಂದೆ ಬಂದು ನಿಲ್ಲುತ್ತೆ. ಕ್ಯಾಮೆರಾಗೆ ಇದಕ್ಕಿಂತ ಒಳ್ಳೆ ತರಬೇತಿ ಬೇರೆ ಇಲ್ಲ. ಆದರೆ ಎದುರಿಗೆ ನಿಂತವನೂ ಕರಾಟೆ ಹುಡುಗನೇ ಆದರೆ ಕಂಬದ ಹಾಗೆ ನಿಂತಿರುತ್ತಾನೆ, ಏಟು ನಿಲ್ಲುತ್ತೆ ಅಂತ ಅವನಿಗೂ ಗೊತ್ತಲ್ಲ! ಬೀಳೋ ವಿದ್ಯೆ ಇರೋದು ಗರಡಿ ಹುಡುಗರ ಹತ್ತಿರ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರು ನಮ್ಮದು, ಪೈಲ್ವಾನರಿಗೇನೂ ಬರವಿಲ್ಲ. ಹೊಡೆಯೋದು ಕರಾಟೆಯವನು, ಬೀಳೋದು ಗರಡಿಯವನು ಅಂತ ಲೆಕ್ಕ ಹಾಕಿ ಒಂದು ಗರಡಿಮನೆಗೆ ಹೋಗಿ ಕೇಳಿದೆ. ಹುಡುಗ ಒಪ್ಪಿದ. ಅಲ್ಲಿ ಕುಸ್ತಿ ಕಲಿಸುವ ವಸ್ತಾದ್ ಅಜ್ಜ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಬೆನ್ನಿಗೆ ಮಣ್ಣು ಹತ್ತಂಗಿಲ್ಲ ನೋಡಪ್ಪ. ಆಟಕ್ಕೂ ಇಲ್ಲ, ಸಿನಿಮಾಕ್ಕೂ ಇಲ್ಲ."

ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತು ಅಂದರೆ ಚಿತ್, ಸೋತಂತೆ. ಜಾತ್ರೆ ಕಣದಲ್ಲಿ ಅಷ್ಟು ಜನರ ಮುಂದೆ ಅದನ್ನು ಉಳಿಸಿಕೊಳ್ಳೋಕೆ ಸಾಮು ಮಾಡುವ ಹುಡುಗನ ಬೆನ್ನನ್ನು ಮೊಬೈಲ್ ಕ್ಯಾಮೆರಾಗೆ ಅಂತ ನೆಲಕ್ಕೆ ಹಚ್ಚು ಅನ್ನೋದು ಹೇಗೆ? ನಾನು ವಾದ ಮಾಡಲಿಲ್ಲ. ಮನೆಗೆ ಬಂದು ಇಡೀ ಫೈಟ್ ಬದಲಾಯಿಸಿದೆ. ನಮ್ಮ ಪೈಲ್ವಾನ ಎಲ್ಲ ಥರ ಬೀಳುತ್ತಾನೆ. ಮುಖ ಅಡಿ ಮಾಡಿ ಬೀಳುತ್ತಾನೆ, ಪಕ್ಕಕ್ಕೆ ಬೀಳುತ್ತಾನೆ, ಕೂತಲ್ಲೇ ಜಾರುತ್ತಾನೆ, ಎರಡು ಚೀಲದ ನಡುವೆ ನೇತಾಡುತ್ತಾನೆ. ಬೆನ್ನು ಮಾತ್ರ ನೆಲಕ್ಕೆ ಹೋಗಲ್ಲ. ಹೋಗ್ತಾ ಹೋಗ್ತಾ ಇನ್ನೇನು ತಾಗಬೇಕು ಅನ್ನುವಾಗ ಅವನೇ ಹೆದರಿ ಸೊಂಟ ತಿರುಗಿಸುತ್ತಾನೆ. ಈ ಒಂದೇ ತಮಾಷೆ ಇಡೀ ಫೈಟನ್ನು ಹೊತ್ತುಕೊಂಡಿತು. ಅಜ್ಜ ಹಾಗೆ ಅಡ್ಡ ಹೇಳದೇ ಇದ್ದಿದ್ದರೆ ನಮ್ಮದು ಎಲ್ಲರ ಕಾಮಿಡಿ ಫೈಟ್ ಥರ ಇನ್ನೊಂದು ಆಗುತ್ತಿತ್ತು ಅಷ್ಟೇ.

ಶೂಟಿಂಗ್ ಬಗ್ಗೆ ಕೇಳುವವರಿಗೆ ಹೇಳೋದು ಇಷ್ಟು. ಕ್ಯಾಮೆರಾ ದೂರ ಇಟ್ಟು ತಲೆಯಿಂದ ಪಾದದವರೆಗೆ ಕಾಣಿಸಿ. ಕಾಲು ಕಾಣದೇ ಇದ್ದರೆ ಜಾರಿದ್ದು ಜಾರಿದ ಹಾಗೆ ಅನಿಸಲ್ಲ. ಹೊಡೆದವನೂ ತಿಂದವನೂ ಒಂದೇ ಫ್ರೇಮಿನಲ್ಲಿ ಇರಲಿ. ಏಟು ಹಾಕುವ ಶಾಟ್‌ನಲ್ಲಿ ಕ್ಯಾಮೆರಾ ಪಕ್ಕದಿಂದ ಇಟ್ಟರೆ ಕೈಗೂ ಮುಖಕ್ಕೂ ಇರುವ ಸಂದು ಬಯಲಾಗುತ್ತೆ, ಹಾಗಾಗಿ ಒಬ್ಬನ ಹೆಗಲ ಹಿಂದಿನಿಂದ ತೆಗೆಯಿರಿ. ಮೊಬೈಲಿನ ವೈಡ್ ಲೆನ್ಸ್ ಸಂದನ್ನು ಇನ್ನೂ ಜಾಸ್ತಿ ತೋರಿಸುತ್ತೆ, ಹಿಂದೆ ಹೋಗಿ ಝೂಮ್ ಲೆನ್ಸ್ ಹಾಕಿದರೆ ಇಬ್ಬರೂ ಹತ್ತಿರ ಬಂದ ಹಾಗೆ ಕಾಣುತ್ತಾರೆ. ಎಡಿಟಿಂಗಿನಲ್ಲಿ ಏಟು ಬಿದ್ದ ಜಾಗದಲ್ಲಿ ಶಾಟ್ ಬದಲಾಗುವಾಗ ಎರಡು ಮೂರು ಫ್ರೇಮ್ ಹಿಂದಕ್ಕೆ ಹೋಗಿ ಅದೇ ಏಟನ್ನು ಮತ್ತೆ ತೋರಿಸಿ. ಕಣ್ಣಿಗೆ ಎರಡು ಸಲ ಅಂತ ಗೊತ್ತಾಗಲ್ಲ, ಪೆಟ್ಟು ಮಾತ್ರ ಜೋರಾಗುತ್ತೆ. ಹಾಂಗ್‌ಕಾಂಗ್‌ನವರ ಹಳೇ ಉಪಾಯ ಇದು. ಸ್ಪೀಡ್ ಸ್ವಲ್ಪವೇ ಹೆಚ್ಚಿಸಿ. ಜಾಸ್ತಿ ಮಾಡಿದರೆ ಮೂಕಿ ಸಿನಿಮಾ ಆಗುತ್ತೆ.

ಬಿಳಿ ಬಟ್ಟೆಯ ಕಥೆ ಬೇರೆ. ಫೈಟ್ ನಡೀತಾ ನಡೀತಾ ಬ್ಲ್ಯಾಕ್ ಬೆಲ್ಟ್ ಹುಡುಗನ ಬಟ್ಟೆ ಮಸಿ ಹಿಡಿದು, ಕೊನೆಗೆ ಬೆಲ್ಟ್ ಯಾವುದು ಬಟ್ಟೆ ಯಾವುದು ಅಂತ ಗೊತ್ತಾಗಬಾರದು. ಇದಕ್ಕೆ ಶಾಟ್‌ಗಳನ್ನು ಕಥೆಯ ಕ್ರಮದಲ್ಲೇ ತೆಗೆಯಬೇಕು, ಹಿಂದೆ ಮುಂದೆ ಮಾಡೋ ಹಾಗಿಲ್ಲ. ರೀಟೇಕ್‌ಗೆ ಅಂತ ಹಳೇ ವಿದ್ಯಾರ್ಥಿಗಳ ಮನೆಯಿಂದ ಸವೆದ ಡ್ರೆಸ್‌ಗಳನ್ನು ಕೇಳಿ ತಂದು, ಪ್ರತಿಯೊಂದಕ್ಕೂ ಬೇರೆ ಬೇರೆ ಮಟ್ಟದ ಮಸಿ ಹಚ್ಚಿ ಹಗ್ಗಕ್ಕೆ ನೇತು ಹಾಕಿದ್ದೆವು.

ಲಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜಾಕಿ ಚಾನ್, ಸ್ಯಾಮೋ ಹಂಗ್, ಯುಯೆನ್ ಬಿಯಾವ್, ಈ ಹಾಂಗ್‌ಕಾಂಗ್ ಫೈಟ್ ನಟರೆಲ್ಲ ಸಣ್ಣವರಿದ್ದಾಗ ಕಲಿತದ್ದು ಅಲ್ಲಿನ ಒಂದು ಪೀಕಿಂಗ್ ಒಪೆರಾ (ಚೀನಾದ ಸಂಗೀತ ನಾಟಕ) ಶಾಲೆಯಲ್ಲಿ. ಯು ಜಿಮ್ ಯುಯೆನ್ ಅವರ ಗುರು. ಆ ನಾಟಕದಲ್ಲಿ ಹೊಡೆದಾಟ ನಡೆಯೋದು ಡೋಲು, ತಾಳದ ಪೆಟ್ಟಿಗೆ ಸರಿಯಾಗಿ. ಅವರ ಸಿನಿಮಾ ಫೈಟಲ್ಲಿ ಎಣಿಸಬಹುದಾದ ಲಯ ಇರೋದಕ್ಕೆ ಅದೇ ಕಾರಣ ಅಂತ ನನಗೆ ಅನಿಸುತ್ತೆ. ನಮ್ಮ ಕಂಪನಿ ನಾಟಕದಲ್ಲೂ ಇದೇ ಇದೆ ಅಲ್ವಾ? ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಹಾಸ್ಯ ಪಾತ್ರಧಾರಿ ಜಾರಿದ ಅಂದರೆ ಪಕ್ಕದಲ್ಲಿ ಕೂತ ತಬಲಾದವನ ಕೈ ಅದೇ ಕ್ಷಣಕ್ಕೆ ಬೀಳಬೇಕು, ಅರೆ ಕ್ಷಣ ತಡವಾದರೆ ಜನ ನಗಲ್ಲ. ಹಾಗಾಗಿ ನಾವು ರಿಹರ್ಸಲ್‌ಗೆ ನಾಟಕಗಳಿಗೆ ರಿದಮ್ ಪ್ಯಾಡ್ ಬಾರಿಸುವ ಒಬ್ಬರನ್ನು ಕರೆಸಿದೆವು. ಅವರು ಬಾರಿಸುತ್ತಾ ಹೋದರು, ಹುಡುಗರು ಆ ಪೆಟ್ಟಿಗೆ ಹೆಜ್ಜೆ ಹಾಕಿದರು. ಪೈಲ್ವಾನ ಬೀಳುವ ಮುಂಚೆ ಒಂದು ಪೆಟ್ಟು ಖಾಲಿ ಬಿಡಿ ಅಂತ ಅವರೇ ಹೇಳಿಕೊಟ್ಟರು. ಆ ಖಾಲಿ ಪೆಟ್ಟಲ್ಲಿ ಅವನು ಕ್ಯಾಮೆರಾ ಕಡೆ ನೋಡುತ್ತಾನೆ, ಆಮೇಲೆ ಬೀಳುತ್ತಾನೆ. ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ನಗು ಬಂದದ್ದು ಆ ಜಾಗಕ್ಕೆ.

ಶಬ್ದ ಎಲ್ಲ ಆಮೇಲೆ ಸೇರಿಸಿದ್ದು. ಎಪ್ಪತ್ತು-ಎಂಬತ್ತರ ದಶಕದ ಹಾಂಗ್‌ಕಾಂಗ್ ಸಿನಿಮಾಗಳಲ್ಲೂ ಹೆಚ್ಚಿನವು ಶೂಟಿಂಗಿನಲ್ಲಿ ದನಿ ಹಿಡಿಯದೆ ಆಮೇಲೆ ಡಬ್ ಮಾಡಿದವೇ. ಒದ್ದೆ ಟವೆಲ್ ಕಲ್ಲಿಗೆ ಬಡಿದರೆ ಕೆನ್ನೆ ಏಟು. ಒಣ ಮಂಡಕ್ಕಿ ಮೇಲೆ ಮೊಣಕಾಲೂರಿದರೆ ಮೂಳೆ ಮುರಿದ ಸದ್ದು. ಬ್ಲ್ಯಾಕ್ ಬೆಲ್ಟ್ ಹುಡುಗನಿಗೆ ಸಿಟ್ಟು ಏರುವಾಗ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು ಹಾಕಿದೆವು. ಬೆಣ್ಣೆ ದೋಸೆ ಹೋಟೆಲಿನಲ್ಲಿ ರೆಕಾರ್ಡ್ ಮಾಡಿದ್ದು, ಅದಕ್ಕೆ ಅಂತ ದೋಸೆ ತಿನ್ನಬೇಕಾಯಿತು, ಬೇಜಾರೇನಿಲ್ಲ.

ಗಣಪತಿ ಪೆಂಡಾಲಿನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಜನ ಎರಡು ಪಾಲಾದರು. ಆದರೆ ನಾನು ಅಂದುಕೊಂಡ ಹಾಗೆ ಅಲ್ಲ. ಗರಡಿಯವರು ಬೈಯುತ್ತಾರೆ, ಕರಾಟೆಯವರು ನಗುತ್ತಾರೆ ಅಂತ ನನ್ನ ಲೆಕ್ಕ ಇತ್ತು. ಆಗಿದ್ದು ಉಲ್ಟಾ. ಬೆನ್ನಿನ ತಮಾಷೆ ಪೂರ್ತಿ ಅರ್ಥ ಆಗಿದ್ದು ಗರಡಿಯವರಿಗೇ. ಪ್ರತಿ ಸಲ ಅವನು ಸೊಂಟ ತಿರುಗಿಸಿದಾಗಲೂ ಶಿಳ್ಳೆ. ವಸ್ತಾದ್ ಅಜ್ಜ ನಗಲಿಲ್ಲ, ಆದರೆ ಪಕ್ಕದವರಿಗೆ "ನೋಡ್ಲೇ, ಹತ್ತಿಲ್ಲ" ಅಂತ ಹೇಳುತ್ತಿದ್ದರು. ಕರಾಟೆ ಹುಡುಗರ ಮನೆಯವರಲ್ಲಿ ಕೆಲವರ ಮುಖ ಗಂಟಾಯಿತು. ವರ್ಷಗಟ್ಟಲೆ ಫೀಸು ಕಟ್ಟಿ, ಗ್ರೇಡಿಂಗ್ ಮೇಲೆ ಗ್ರೇಡಿಂಗ್ ದಾಟಿಸಿ ತಂದ ಬ್ಲ್ಯಾಕ್ ಬೆಲ್ಟನ್ನು ಮಸಿಯಲ್ಲಿ ಅದ್ದಿ ತೋರಿಸಿದರೆ ಯಾರಿಗೆ ಖುಷಿ ಆಗುತ್ತೆ ಹೇಳಿ. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಒಪ್ಪೋಕೆ ಮಾತ್ರ ಆಗಲ್ಲ, ಏಕೆಂದರೆ ಆ ಹುಡುಗ ಒದೆಯುವ ಪ್ರತಿ ಒದೆತವೂ ಸರಿಯಾದ ಒದೆತವೇ. ಮವಾಶಿ ಗೇರಿಯಲ್ಲಿ, ಅಂದರೆ ಪಕ್ಕದಿಂದ ಸುತ್ತಿ ಬರುವ ಒದೆತದಲ್ಲಿ, ಸೊಂಟ ತಿರುಗೋದು, ಕಾಲು ವಾಪಸ್ ಮಡಚೋದು, ಒಂದೂ ತಪ್ಪಿಲ್ಲ. ನಗೋದು ಅವನ ಜಂಬಕ್ಕೆ. ವಿದ್ಯೆಯನ್ನು ಸೊಟ್ಟಗೆ ಮಾಡಿ ತೋರಿಸಿ ನಗಿಸೋದು ನನಗೆ ಹಿಡಿಸಲ್ಲ. 'ಕುಂಗ್ ಪೌ'ದಲ್ಲಿ ನನಗೆ ಅರ್ಧ ಹಿಡಿಸದೇ ಇರೋದೂ ಅದಕ್ಕೇ, ಮಾತಿನ ತಮಾಷೆ ಜಾಸ್ತಿ, ಮೈಯಿನ ತಮಾಷೆ ಕಡಿಮೆ. ಹೀಗಂದರೆ ನನ್ನ ಹುಡುಗರು ಜಗಳಕ್ಕೆ ಬರುತ್ತಾರೆ. ಬರಲಿ.

ಎರಡನೇ ಭಾಗ ಮಾಡಿ ಅಂತ ಗರಡಿಯಿಂದಲೇ ಹೇಳಿ ಕಳಿಸಿದ್ದಾರೆ. ಚೀಲ ಕೊಡೋಕೆ ಭಟ್ಟಿಯವರು ರೆಡಿ. ಕಥೆಯನ್ನೂ ಅಜ್ಜನೇ ಯೋಚನೆ ಮಾಡಿದ್ದಾರಂತೆ: ಪೈಲ್ವಾನ ಕರಾಟೆ ಕ್ಲಾಸಿಗೆ ಸೇರುತ್ತಾನೆ, ಮಾಸ್ಟರಿಗೇ ಹೆಗಲ ಮೇಲಿಂದ ಎತ್ತಿ ಒಗೆಯುವ ಧೋಬಿ ಪಛಾಡ್ ಹಾಕುತ್ತಾನೆ. ಮಾಸ್ಟರ್ ಪಾತ್ರ ನಾನೇ ಮಾಡಬೇಕಂತೆ, ಬೆನ್ನಿಗೆ ಮಣ್ಣು ಹತ್ತಲೇಬೇಕಂತೆ.