ಖಾನಾವಳಿ ಚಾಕು ಮತ್ತು ಜಪಾನಿನ ವಾಟರ್ ಸ್ಟೋನ್: ನನ್ನ ಅನುಭವ

ಮೊದಲ ಸಲ ವಾಟರ್ ಸ್ಟೋನ್, ಅಂದರೆ ನೀರು ಹಾಕಿ ಚಾಕು ಮಸೆಯುವ ಕಲ್ಲು, ಕೊಳ್ಳುವವರಿಗೆ ನಾನು ಹೇಳೋದು ಇಷ್ಟೇ: 1000 ನಂಬರಿನ ಕಲ್ಲು ಒಂದು ತಗೊಳ್ಳಿ, ಅದನ್ನು ಸಪಾಟಾಗಿ ಇಟ್ಟುಕೊಳ್ಳಿ. ಉಳಿದದ್ದು ಆಮೇಲೆ ನೋಡೋಣ.

ವಿಜಯಪುರದಲ್ಲಿ ನಮ್ಮದು ಸಣ್ಣ ಖಾನಾವಳಿ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ ಇಲ್ಲದೆ ತಾಟು ಬಡಿಸುವ ಹಾಗಿಲ್ಲ, ಹೀಗಾಗಿ ಚಾಕುವಿಗೆ ಬೆಳಗ್ಗೆಯಿಂದ ಬಿಡುವೇ ಇರೋದಿಲ್ಲ. ಮೊಂಡ ಚಾಕುವಿನಲ್ಲಿ ಹೆಚ್ಚಿದರೆ ಉಳ್ಳಾಗಡ್ಡಿ ಜಜ್ಜಿ ರಸ ಬಿಡುತ್ತದೆ, ಕಣ್ಣುರಿ ಬೇರೆ. ಮೊದಲು ಸಾಣೆ ಹಿಡಿಯುವವರ ಹತ್ತಿರ ಕೊಡುತ್ತಿದ್ದೆವು. ಧಾರ ಏನೋ ಬರುತ್ತಿತ್ತು, ಆದರೆ ಒಣ ಚಕ್ರ ಅಲಗನ್ನು ಜಾಸ್ತಿ ತಿನ್ನುತ್ತದೆ. ಅಂಚು ಕಾದು ನೀಲಿಯಾಯಿತು ಅಂದರೆ ಅಲ್ಲಿನ ಹದ ಹೋಯಿತು, ಆಮೇಲೆ ಎಷ್ಟು ಸಾಣೆ ಹಿಡಿದರೂ ಧಾರ ನಿಲ್ಲೋದಿಲ್ಲ. ಕೈಯಿಂದ ಒದ್ದೆ ಕಲ್ಲಿನ ಮೇಲೆ ಮಸೆದರೆ ಆ ಭಯ ಇಲ್ಲ.

ನಂಬರ್ ಸಣ್ಣದಿದ್ದಷ್ಟು ಕಲ್ಲು ಒರಟು. ಅಂಚು ಚಕ್ಕೆ ಎದ್ದಿದ್ದರೆ 400, ದಿನದ ಕೆಲಸಕ್ಕೆ 1000, ನುಣುಪು ಬೇಕಾದರೆ 3000ದಿಂದ 6000. ಅಂಗಡಿಯವರು ದೊಡ್ಡ ನಂಬರ್ ತೋರಿಸುತ್ತಾರೆ, ಆಸೆ ಆಗೋದು ಸಹಜ. ಆದರೆ ನಮ್ಮ ಮನೆಗಳಲ್ಲಿರುವ ಸ್ಟೇನ್‌ಲೆಸ್ ಚಾಕು ಮೆತ್ತನೆಯ ಸ್ಟೀಲು. ಅದನ್ನು 6000ದಲ್ಲಿ ನುಣ್ಣಗೆ ಮಾಡಿದರೆ ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ, 1000ದಲ್ಲಿ ಬಿಟ್ಟರೆ ಕಚ್ಚಿ ಹಿಡಿಯುತ್ತದೆ. ಜಪಾನಿನ ಗಟ್ಟಿ ಸ್ಟೀಲಿನ ಚಾಕು ಇದ್ದವರಿಗೆ 6000 ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಎಲ್ಲ ಕಲ್ಲನ್ನೂ ನೀರಲ್ಲಿ ಮುಳುಗಿಸಬೇಕು ಅಂತಿಲ್ಲ. ನನ್ನ ಹತ್ತಿರ ಇರೋ ಕಿಂಗ್ ಕಂಪನಿಯ 1000 ನೀರು ಕುಡಿಯುವ ಕಲ್ಲು, ಗುಳ್ಳೆ ಬರೋದು ನಿಲ್ಲುವ ತನಕ ನೆನೆಸುತ್ತೇನೆ. ಶಾಪ್ಟನ್ ಕಂಪನಿಯ ಕುರೊಮಾಕು ಕಲ್ಲು ಹಾಗಲ್ಲ, ಮೇಲೆ ನೀರು ಚಿಮುಕಿಸಿದರೆ ಸಾಕು, ಅದನ್ನು ನೆನೆಹಾಕಿ ಬಿಡಬಾರದು. ಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಿ.

ಇನ್ನು ಮಸೆಯೋದು. ಕಲ್ಲಿನ ಕೆಳಗೆ ಒದ್ದೆ ಅರಿವೆ ಹಾಕಿ, ಅಲುಗಾಡಬಾರದು. ಕೋನ ಸುಮಾರು 20 ಡಿಗ್ರಿ ಇಡುತ್ತೇನೆ. ಅಲಗು 45 ಮಿ.ಮೀ. ಅಗಲ ಇದ್ದರೆ ಚಾಕುವಿನ ಬೆನ್ನು ಕಲ್ಲಿನಿಂದ 15 ಮಿ.ಮೀ. ಮೇಲೆ ಇರಬೇಕು, ಅಷ್ಟೇ ಲೆಕ್ಕ. ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಮೂರ್ನಾಲ್ಕು ಸಲ ಎಳೆದು ನೋಡಿ. ಮಸಿ ಮೇಲ್ಭಾಗದಲ್ಲಷ್ಟೇ ಹೋಗಿದ್ದರೆ ಬೆನ್ನು ಸ್ವಲ್ಪ ಎತ್ತಬೇಕು, ತುತ್ತ ತುದಿಯಲ್ಲಷ್ಟೇ ಹೋಗಿದ್ದರೆ ಇಳಿಸಬೇಕು. ಮಸೆಯುತ್ತಾ ಹೋದಂತೆ ಕಲ್ಲಿನ ಮೇಲೆ ಬೂದು ಬಣ್ಣದ ರಾಡಿ ಏಳುತ್ತದೆ. ತೊಳೆದು ಹಾಕಬೇಡಿ, ಮಸೆಯೋದಕ್ಕೆ ಅದೂ ಬೇಕು. ಒಣಗುತ್ತಿದೆ ಅನಿಸಿದರೆ ಎರಡು ಹನಿ ನೀರು ಸಾಕು.

ಎಲ್ಲಕ್ಕಿಂತ ಮುಖ್ಯ ಬರ್. ಒಂದು ಕಡೆ ಸಾಕಷ್ಟು ಮಸೆದಾಗ ಇನ್ನೊಂದು ಕಡೆಗೆ ಕೂದಲಿಗಿಂತ ತೆಳ್ಳಗೆ ಸ್ಟೀಲು ಮಡಚಿಕೊಳ್ಳುತ್ತದೆ. ಬೆನ್ನಿನಿಂದ ಅಂಚಿನ ಕಡೆಗೆ ಹೆಬ್ಬೆರಳು ಮೆಲ್ಲಗೆ ಸರಿಸಿದರೆ ತಟ್ಟನೆ ತಡೆಯುತ್ತದೆ. ಹಿಡಿಯಿಂದ ತುದಿವರೆಗೆ ಅದು ಸಿಗುವ ತನಕ ಚಾಕು ತಿರುಗಿಸಬಾರದು. ಆಮೇಲೆ ಇನ್ನೊಂದು ಕಡೆ. ಕೊನೆಗೆ ಒತ್ತಡ ಕಡಿಮೆ ಮಾಡುತ್ತಾ, ಚಾಕುವಿನ ತೂಕ ಮಾತ್ರ ಕಲ್ಲಿನ ಮೇಲೆ ಬೀಳುವ ಹಾಗೆ, ಕಡೆ ಬದಲಿಸುತ್ತಾ ಎಳೆದು ಬರ್ ತೆಗೆಯಬೇಕು. ನಮ್ಮ ಹುಡುಗ “ಅಣ್ಣಾರ, ನಿನ್ನೇನೇ ಮಸದೈತಿ, ಇವತ್ತ ಮತ್ತ ಮೊಂಡ ಆಗೇತ್ರಿ” ಅಂದರೆ ನಾನು ಮೊದಲು ಕೇಳೋದೇ ಬರ್ ಪೂರ್ತಿ ತೆಗೆದಿದ್ದೆಯಾ ಅಂತ. ಬರ್ ಉಳಿದ ಚಾಕು ಮೊದಲ ಎರಡು ಟೊಮೆಟೊಗೆ ಚೆನ್ನಾಗಿರುತ್ತದೆ, ಅಷ್ಟೇ.

ಮಸೆದಂತೆ ಕಲ್ಲಿನ ನಡು ತಗ್ಗುತ್ತದೆ. ತಗ್ಗಿದ ಕಲ್ಲಲ್ಲಿ ಕೋನ ನಿಲ್ಲೋದೇ ಇಲ್ಲ. ಪೆನ್ಸಿಲ್‌ನಿಂದ ಕಲ್ಲಿನ ಮೇಲೆ ಅಡ್ಡ ಉದ್ದ ಗೆರೆ ಹಾಕಿ, ದಪ್ಪ ಗಾಜಿನ ಮೇಲೆ 220 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ಇಟ್ಟು, ನೀರು ಹಾಕಿ ಉಜ್ಜುತ್ತೇನೆ. ಎಲ್ಲ ಗೆರೆ ಅಳಿದರೆ ಸಪಾಟಾಯಿತು. ವಜ್ರದ ಪುಡಿ ಅಂಟಿಸಿದ ಡೈಮಂಡ್ ಪ್ಲೇಟ್ ಇದ್ದರೆ ಕೆಲಸ ಬೇಗ, ಬೆಲೆ ಮಾತ್ರ ಜಾಸ್ತಿ.

ಕೆಲಸ ಆದ ಮೇಲೆ ಕಲ್ಲು ತೊಳೆದು ನೆರಳಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗಂತೂ ಇಡಲೇಬೇಡಿ, ಒದ್ದೆ ಕಲ್ಲು ಒಮ್ಮೆಲೇ ಒಣಗಿದರೆ ಬಿರುಕು ಬಿಡಬಹುದು.