ಮುಂಬೈ ಮಳೆಗಾಲದಲ್ಲಿ ಗ್ರಿಗ್ನಾರ್ಡ್ ಹಾಕುವುದು ಹೇಗೆ

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಮುಂಬೈಗೆ ಪಿಎಚ್‌ಡಿ ಮಾಡಲು ಬಂದೆ. ಸೇರಿದ್ದು ಜುಲೈನಲ್ಲಿ. ಗೈಡ್ ಮೊದಲ ವಾರವೇ ಗ್ರಿಗ್ನಾರ್ಡ್ ಹಾಕಲು ಹೇಳಿದರು, ಅಂದರೆ ಒಣ ದ್ರಾವಕದಲ್ಲಿ ಮೆಗ್ನೀಸಿಯಂ ಜೊತೆ ಹ್ಯಾಲೈಡ್ (ಬ್ರೋಮಿನ್ ಥರದ ಹ್ಯಾಲೋಜನ್ ಇರುವ ಸಾವಯವ ಸಂಯುಕ್ತ) ಸೇರಿಸಿ, ನೀರು ಸೋಕಿದರೆ ಕೆಡುವ ಗ್ರಿಗ್ನಾರ್ಡ್ ಕಾರಕ ತಯಾರಿಸುವುದು. ಮೂರು ಸಲ ಹಾಕಿದೆ, ಮೂರು ಸಲವೂ ಮೆಗ್ನೀಸಿಯಂ ಚೂರು ಹಾಕಿದ ಹಾಗೇ ತಳದಲ್ಲಿ ಕೂತಿತ್ತು. ನನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡೆ. ಪಕ್ಕದ ಬೆಂಚಿನ ಸೀನಿಯರ್ ಅಕ್ಕ ಸೋಲಾಪುರದವರು, ಮನೆಮಾತು ಕನ್ನಡ. "ತಮ್ಮಾ, ನಿನ್ನ ಕೈ ಛಲೋನ ಅದ, ಹವಾ ಹಸಿ ಅದ" ಅಂದರು.

ಲೆಕ್ಕ ನೋಡಿ. 18 ಮಿಲಿಗ್ರಾಂ ನೀರು ಒಂದು ಮಿಲಿಮೋಲ್ ಗ್ರಿಗ್ನಾರ್ಡನ್ನು ತಿಂದುಹಾಕುತ್ತದೆ. ಒಂದು ಹನಿ ನೀರು ಅಂದರೆ ಸುಮಾರು 50 ಮಿಲಿಗ್ರಾಂ. ನಿಮ್ಮದು ಎರಡು ಮಿಲಿಮೋಲ್ ಸ್ಕೇಲ್ ಆದರೆ ಒಂದು ಹನಿಯೇ ಜಾಸ್ತಿ ಆಯಿತು, ಅಲ್ವಾ?

ಫ್ಲಾಸ್ಕ್, ಸ್ಟಿರ್ ಬಾರ್ (ಕಲಕುವ ಅಯಸ್ಕಾಂತದ ಕಡ್ಡಿ), ಸೂಜಿ ಎಲ್ಲ ರಾತ್ರಿಯಿಡೀ 120 ಡಿಗ್ರಿ ಒವನ್ನಿನಲ್ಲಿರಲಿ. ಮಳೆಗಾಲದಲ್ಲಿ ಒವನ್ನಿಗೆ ಭಾರೀ ಪೈಪೋಟಿ, ಸಂಜೆ ನಾಲ್ಕಕ್ಕೇ ಜಾಗ ಹಿಡಿಯಿರಿ. ನಾನು ಮಾಡುತ್ತಿದ್ದ ತಪ್ಪು ಇದರ ಮುಂದಿನ ಹೆಜ್ಜೆಯಲ್ಲಿತ್ತು: ಬಿಸಿ ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಆರಲಿ ಅಂತ ಚಹಾ ಕುಡಿಯಲು ಹೋಗುತ್ತಿದ್ದೆ, ಅದು ಆರುತ್ತಾ ಆರುತ್ತಾ ಹೊರಗಿನ ಹಸಿ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತಿತ್ತು. ಬಿಸಿ ಇದ್ದಾಗಲೇ ಜೋಡಿಸಿ, ಸೆಪ್ಟಮ್ (ರಬ್ಬರ್ ಮುಚ್ಚಳ) ಹಾಕಿ, ನೈಟ್ರೋಜನ್ ಹರಿಸುತ್ತಾ ಆರಲು ಬಿಡಿ. ವ್ಯಾಕ್ಯೂಮ್ ಎಳೆದು ಹೀಟ್ ಗನ್ ಆಡಿಸಿ, ನೈಟ್ರೋಜನ್ ತುಂಬಿ. ಮೂರು ಸಲ. ನೈಟ್ರೋಜನ್ ತುಂಬಿದ ಬಲೂನ್ ನಂಬಿಕೊಂಡು ರಾತ್ರಿ ಕಳೆಯಬೇಡಿ, ರಬ್ಬರಿನ ಮೂಲಕವೂ ತೇವ ನುಸುಳುತ್ತದೆ.

ದ್ರಾವಕಕ್ಕೆ ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯುರಾನ್) ಒಳ್ಳೆಯದು. ಈಥರ್ 34.6 ಡಿಗ್ರಿಗೇ ಕುದಿಯುತ್ತದೆ, ಎಸಿ ಇಲ್ಲದ ಲ್ಯಾಬಿನಲ್ಲಿ ನೋಡುನೋಡುತ್ತಲೇ ಆವಿಯಾಗುತ್ತದೆ. ಸೋಡಿಯಂ-ಬೆಂಜೋಫಿನೋನ್ ಸ್ಟಿಲ್ (ದ್ರಾವಕವನ್ನು ಒಣಗಿಸಿ ಬಟ್ಟಿ ಇಳಿಸುವ ಉಪಕರಣ) ಇದ್ದರೆ, ಒಣಗಿದ ಗುರುತಾದ ಗಾಢ ನೀಲಿ ಬಂದ ಮೇಲೆಯೇ ಟಿಎಚ್‌ಎಫ್ ತೆಗೆಯಿರಿ. ಸ್ಟಿಲ್ ಇಲ್ಲದಿದ್ದರೆ 3 ಆಂಗ್‌ಸ್ಟ್ರಮ್ ಸೀವ್ಸ್ (ನೀರು ಹೀರುವ ಸೂಕ್ಷ್ಮ ರಂಧ್ರದ ಮಣಿಗಳು) ಮೇಲೆ ಎರಡು ಮೂರು ದಿನ ಇಡಿ. ಆದರೆ ಮೊದಲು ಸೀವ್ಸನ್ನು 300 ಡಿಗ್ರಿಗೆ ಕಾಯಿಸಿರಬೇಕು. ಡಬ್ಬಿಯಿಂದ ಸುಮ್ನೆ ಸುರಿದ ಸೀವ್ಸ್ ಆಗಲೇ ಮುಂಬೈ ಗಾಳಿಯ ನೀರು ಕುಡಿದು ಕೂತಿರುತ್ತದೆ.

ಇನ್ನು ಮೆಗ್ನೀಸಿಯಂ. ಮಂಕಾಗಿದ್ದರೆ ಒರಳಿನಲ್ಲಿ ಉಜ್ಜಿ, ಹೊಳಪು ಕಾಣಲಿ. ಒಂದು ಹರಳು ಅಯೋಡಿನ್ ಹಾಕಿ. ಹ್ಯಾಲೈಡ್ ಹತ್ತರಲ್ಲಿ ಒಂದು ಪಾಲು ಮಾತ್ರ ಹಾಕಿ ಕಾಯಿರಿ, ಸ್ವಲ್ಪ ಬೆಚ್ಚಗೆ ಮಾಡಿ. ಕಂದು ಬಣ್ಣ ಹೋಗುತ್ತದೆ, ಲೋಹದ ಮೇಲೆ ಸಣ್ಣ ಗುಳ್ಳೆ ಏಳುತ್ತವೆ, ದ್ರಾವಣ ಬೂದಿ ಕಲಸಿದಂತೆ ಮಬ್ಬಾಗುತ್ತದೆ, ಫ್ಲಾಸ್ಕ್ ತಾನೇ ಬಿಸಿಯಾಗುತ್ತದೆ. ನಾಲ್ಕನೇ ಸಲ ಇದು ಕಂಡಾಗ ನಾನು ಅಕ್ಕನನ್ನು ಕೂಗಿದ್ದು ಕಾರಿಡಾರಿನವರೆಗೂ ಕೇಳಿತಂತೆ. ಉಳಿದ ಹ್ಯಾಲೈಡನ್ನು ಇದಾದ ಮೇಲೆ ಹನಿಹನಿಯಾಗಿ ಹಾಕಿ. ಶುರುವಾಗಲಿಲ್ಲ ಅಂತ ಬೇಸತ್ತು ಪೂರ್ತಿ ಸುರಿದಿರೋ, ಹತ್ತು ನಿಮಿಷ ಬಿಟ್ಟು ಒಮ್ಮೆಲೇ ಶುರುವಾಗಿ, ಹಾಲು ಉಕ್ಕಿದ ಹಾಗೆ ಕಂಡೆನ್ಸರ್ (ಆವಿಯನ್ನು ನೀರಿನಿಂದ ತಂಪಿಸುವ ಗಾಜಿನ ನಳಿಕೆ) ಬಾಯಿಂದ ಉಕ್ಕುತ್ತದೆ. ಅದು ಬೆಂಕಿ ಹೊತ್ತುವ ಹಾಲು. ಐಸ್ ಬಾತ್ ಪಕ್ಕದಲ್ಲೇ ಇರಲಿ.

ಜೋರು ಮಳೆಯ ಎಚ್ಚರಿಕೆ ಇರುವ ದಿನ ಹಾಕಲೇಬೇಡಿ. ಕುರ್ಲಾ-ಸಾಯನ್ ನಡುವೆ ಹಳಿ ಮುಳುಗಿದರೆ ಲೋಕಲ್ ರೈಲು ನಿಲ್ಲುತ್ತದೆ, ಕ್ವೆಂಚ್ ಮಾಡಬೇಕಾದ (ಉಳಿದ ಕಾರಕವನ್ನು ಕೊಂದು ಮುಗಿಸಬೇಕಾದ) ಹೊತ್ತಿಗೆ ನೀವು ಎಲ್ಲೋ ನಿಂತಿರುತ್ತೀರಿ. ಬೆಳಿಗ್ಗೆ ಹಾಕಿ, ಸಂಜೆಯೊಳಗೆ ಐಸ್‌ನಲ್ಲಿಟ್ಟು ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ನಿಧಾನವಾಗಿ ಮುಗಿಸಿ. ಕಂಡೆನ್ಸರ್ ಪೈಪಿಗೆ ತಂತಿ ಬಿಗಿಯಿರಿ, ಎಲ್ಲರೂ ನಲ್ಲಿ ಮುಚ್ಚಿ ಮನೆಗೆ ಹೋದ ಮೇಲೆ ನೀರಿನ ಒತ್ತಡ ಏರಿ ಪೈಪ್ ಕಳಚುತ್ತದೆ. ನನ್ನದು ಕಳಚಿದ ದಿನ ಕೆಳಗಿನ ಮಹಡಿಯವರು ಮಳೆ ಸೋರಿದೆ ಅಂದುಕೊಂಡರು. ನಾನೂ ತಿದ್ದಲಿಲ್ಲ.