ಮೀನಿಗಾಗಲಿ ತೊಗಲಿಗಾಗಲಿ, ಉಪ್ಪು ಹಾಕುವಾಗ ಜಿಪುಣತನ ಬೇಡ

ಹಸಿ ಮೀನಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಬೇಕಾಗಿರುವುದು ಆ ನೀರೇ ಅಲ್ವಾ? ಉಪ್ಪು ಅದನ್ನು ಹೊರಗೆಳೆಯುತ್ತದೆ. ಅದಕ್ಕೇ ಉಪ್ಪು ಉಳಿಸಲು ಹೋದರೆ ಮೀನೂ ಹಾಳು, ಹಾಕಿದ ಉಪ್ಪೂ ದಂಡ.

ಮೀನು ತಾಜಾ ಇರುವಾಗಲೇ ಕೆಲಸ ಶುರು ಮಾಡಿ. ಕಿವಿರು, ಕರುಳು ತೆಗೆದು, ರಕ್ತ ಹೋಗುವ ಹಾಗೆ ತೊಳೆಯಿರಿ. ದೊಡ್ಡ ಮೀನನ್ನು ಉದ್ದಕ್ಕೆ ಸೀಳಿ ಅಗಲಿಸಿ, ಮಾಂಸ ದಪ್ಪ ಇರುವ ಕಡೆ ಗೀರು ಹಾಕಿ. 3 ಕಿಲೋ ಮೀನಿಗೆ 1 ಕಿಲೋ ಉಪ್ಪು ಇರಲಿ. ಬರೀ ನುಣ್ಣನೆ ಪುಡಿ ಉಪ್ಪು ಹಾಕಿದರೆ ಮೇಲ್ಭಾಗ ಬೇಗ ಬಿಗಿದುಕೊಂಡು ಒಳಗೆ ಉಪ್ಪು ಇಳಿಯುವುದಿಲ್ಲ, ಹಾಗಂತ ದಪ್ಪ ಹರಳು ಕರಗಲು ತಡ ಮಾಡುತ್ತದೆ, ಆದ್ದರಿಂದ ಕಲ್ಲುಪ್ಪನ್ನು ತರಿತರಿಯಾಗಿ ಕುಟ್ಟಿಕೊಳ್ಳುವುದು ಒಳ್ಳೆಯದು.

ಒಂದು ಪದರ ಉಪ್ಪು, ಒಂದು ಪದರ ಮೀನು, ಮೇಲೆ ಮತ್ತೆ ಉಪ್ಪು. ಎಲ್ಲದರ ಮೇಲೆ ಭಾರ ಹೇರಿ. ಸ್ವಲ್ಪ ಹೊತ್ತಿಗೇ ನೀರು ಬಿಡತೊಡಗುತ್ತದೆ. ಕೊಬ್ಬಿನ ಮೀನಾದರೆ ಆ ಉಪ್ಪುನೀರಲ್ಲೇ ಮುಳುಗಿರಲಿ, ಗಾಳಿ ತಾಗಿದರೆ ಕೊಬ್ಬು ಕಮಟು ವಾಸನೆ ಹೊಡೆಯುತ್ತದೆ. ಸಣ್ಣ ಮೀನಿಗೆ ಒಂದೆರಡು ದಿನ ಸಾಕು, ದೊಡ್ಡದಕ್ಕೆ ವಾರವೇ ಬೇಕಾಗಬಹುದು.

ಆಮೇಲೆ ಮೇಲಿನ ಉಪ್ಪು ತೊಳೆದು, ನೆಲಕ್ಕೆ ತಾಗದ ಹಾಗೆ ಗಾಳಿಗೆ ಒಣಗಿಸಿ. ನೊಣ ಕೂರದಂತೆ ಬಲೆ ಹೊದಿಸಿ, ಆಗಾಗ ಮಗುಚಿ ಹಾಕಿ, ಸಂಜೆ ಒಳಗೆ ತನ್ನಿ. ಸುಡುಬಿಸಿಲಿಗೆ ಹಾಕಿದರೆ ಹೊರಗೆ ಮಾತ್ರ ಒಣಗಿ ಒಳಗೆ ಹಸಿಯೇ ಉಳಿಯುತ್ತದೆ. ಹೆಬ್ಬೆರಳಲ್ಲಿ ಒತ್ತಿದಾಗ ಗುಳಿ ಬೀಳದಿದ್ದರೆ ಒಣಗಿದೆ ಎಂದರ್ಥ. ಇಟ್ಟ ಮೇಲೆ ಗುಲಾಬಿ ಬಣ್ಣದ ಲೋಳೆ ಕಂಡರೆ ತಿನ್ನಬೇಡಿ. ಉಪ್ಪಲ್ಲೇ ಬದುಕುವ ಸೂಕ್ಷ್ಮಜೀವಿಗಳೂ ಇವೆ!

ತೊಗಲಿಗೆ ಅವಸರ ಇನ್ನೂ ಜಾಸ್ತಿ. ಸುಲಿದ ಕೆಲವೇ ಗಂಟೆಗಳಲ್ಲಿ ಉಪ್ಪು ಬೀಳಬೇಕು, ಇಲ್ಲದಿದ್ದರೆ ಕೂದಲು ಉದುರಲು ಶುರುವಾಗುತ್ತದೆ. ನೆರಳಲ್ಲಿ ಹರಡಿ, ಒಳಮೈಗೆ ಅಂಟಿದ ಮಾಂಸ, ಕೊಬ್ಬು ಕೆರೆದು ತೆಗೆಯಿರಿ. ಬೇಸರದ ಕೆಲಸ ನಿಜ, ಆದರೆ ಕೊಬ್ಬು ಉಳಿದ ಕಡೆ ಉಪ್ಪು ಇಳಿಯುವುದೇ ಇಲ್ಲ. ತೊಗಲಿನ ತೂಕದ ಅರ್ಧದಷ್ಟು ಉಪ್ಪು ತೆಗೆದುಕೊಂಡು ಅಂಚು, ಕಾಲು, ಮಡಿಕೆ ಯಾವುದನ್ನೂ ಬಿಡದೆ ಉಜ್ಜಿ, ನೀರು ಹರಿದುಹೋಗಲು ಸ್ವಲ್ಪ ಓರೆಯಾಗಿಡಿ. ಮರುದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕಿ. ನೀರು ಬಿಡುವುದು ನಿಂತ ಮೇಲೆ ಒಳಮೈ ಒಳಗೆ ಬರುವಂತೆ ಮಡಚಿ, ತಂಪಾದ ಜಾಗದಲ್ಲಿಡಿ.

ಇದಿನ್ನೂ ಚಪ್ಪಲಿ ಹೊಲಿಯುವ ಚರ್ಮ ಆಗಿಲ್ಲ. ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಮತ್ತೆ ಹಸಿ ತೊಗಲೇ, ಹಾಗಾಗಿ ಹದ ಮಾಡಲು ಎಲ್ಲ ಸಿದ್ಧವಾದ ಮೇಲೆಯೇ ನೆನೆಸಿ.